ಡಿ ವಿಟಮಿನ್: ‘ಸೂಕ್ತ ಪ್ರಮಾಣ’ ಅಂದರೆ ಎಷ್ಟು, ಎಲ್ಲಿಯವರೆಗೆ?

ಮಾನ್ಯ ಸಂಪಾದಕರೇ,

ಹೋದ ರವಿವಾರದ ನಿಮ್ಮ ಪುರವಣಿಯಲ್ಲಿ ಡಿ ವಿಟಮಿನ್ ಬಗ್ಗೆ ಒಂದು ಪುಟದ ಲೇಖನ ಬಂದಿತ್ತು. ಬಿಸಿಲ ನಾಡಿನವರಿಗೂ ಈ ವಿಟಮಿನ್ ಕಡಿಮೆ ಬೀಳುತ್ತಿದೆ, ಮೈಕೈ ನೋವನ್ನು ಅಲಕ್ಷ್ಯ ಮಾಡಬೇಡಿ ಎಂದು ಬರೆದಿದ್ದಿರಿ. ಮಾತು ಖರೆ. ಆದರೆ ಕೊನೆಯ ಸಾಲಿನಲ್ಲಿ ‘ಸೂಕ್ತ ಪ್ರಮಾಣದಲ್ಲಿ ಸೇವಿಸಿ’ ಎಂದು ಹೇಳಿ ಕೈ ತೊಳೆದುಕೊಂಡಿರಿ. ಆ ಸೂಕ್ತ ಪ್ರಮಾಣ ಯಾವುದು ಎಂದು ಕೇಳಲಿಕ್ಕೆ ಸೋಮವಾರ ಮುಂಜಾನೆ ನಾನು ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಇಬ್ಬರು ನಿಮ್ಮ ಪುರವಣಿಯನ್ನು ಮಡಚಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ಊಟದ ಹೊತ್ತಿನೊಳಗೆ ಇನ್ನೂ ಐದು ಮಂದಿ ಬಂದರು. ಒಬ್ಬರ ಕೈಯಲ್ಲೂ ಡಾಕ್ಟರ ಚೀಟಿ ಇರಲಿಲ್ಲ. ಏಳೂ ಮಂದಿ ಕೇಳಿದ್ದು ಒಂದೇ: ‘ಅದ ರೀ, ಅರವತ್ತು ಸಾವಿರ ಪವರಿಂದು, ಅದನ್ನ ಕೊಡ್ರಿ.’

ನಾನು ಗುಳೇದಗುಡ್ಡದಲ್ಲಿ 27 ವರ್ಷಗಳಿಂದ ಔಷಧ ಅಂಗಡಿ ಇಟ್ಟುಕೊಂಡವನು. ಈ ಅರವತ್ತು ಸಾವಿರ ಯೂನಿಟ್ಟಿನ ಡಿ ಗುಳಿಗೆಯನ್ನು ಎಷ್ಟು ಮಂದಿಗೆ ಚೀಟಿ ಇಲ್ಲದೆ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಒಬ್ಬರದು ಮಾತ್ರ ಲೆಕ್ಕ ಇದೆ, ಉದ್ರಿ ವಹಿಯಲ್ಲಿ, ತಾರೀಖು ಸಮೇತ. ಅದು ನನ್ನ ಒಡಹುಟ್ಟಿದ ಅಕ್ಕನದು. ಅದಕ್ಕೇ ಈ ಪತ್ರ.

ಅಕ್ಕನಿಗೆ ಈಗ 61. ಲಗ್ನವಾಗಿ ಬಂದಾಗಿನಿಂದ ಮನೆಯಲ್ಲಿ ಖಣದ ಮಗ್ಗ. ಮೊದಲು ಕಂಡಿಕೆ ಸುತ್ತುತ್ತಿದ್ದಳು, ಮಾವ ತೀರಿಕೊಂಡ ಮೇಲೆ ತಾನೇ ಕುಣಿಗೆ ಇಳಿದು ಲಾಳಿ ಹೊಡೆಯಲು ಕಲಿತಳು. ಕುಣಿ ಮಗ್ಗ ನೋಡದವರಿಗಾಗಿ ಹೇಳುತ್ತೇನೆ: ನೆಲದಲ್ಲಿ ತಗ್ಗು ತೋಡಿ ಅದರೊಳಗೆ ಕಾಲು ಇಳಿಬಿಟ್ಟು ಕೂರುವ ಮಗ್ಗ ಅದು. ಬಿಸಿಲು ಬಿದ್ದರೆ ನೂಲು ಒಣಗಿ ಪಟಪಟ ಹರಿಯುತ್ತದೆ ಎಂದು ಆ ಖೋಲಿಗೆ ಕಿಟಕಿಯನ್ನೇ ಇಟ್ಟಿರುವುದಿಲ್ಲ, ಇಟ್ಟರೂ ಅಂಗೈ ಅಗಲದ್ದು. ಹೊರಗೆ ಎಪ್ರಿಲ್ ತಿಂಗಳ 40 ಡಿಗ್ರಿ ಬಿಸಿಲು ಬಂಡೆ ಸೀಳುವಂತೆ ಹೊಡೆಯುತ್ತಿದ್ದರೆ ಒಳಗೆ ಅಕ್ಕ ಬಲ್ಬು ಹಚ್ಚಿಕೊಂಡು ನೇಯುತ್ತಿರುತ್ತಾಳೆ. ಮುಂಜಾನೆ ಏಳಕ್ಕೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಾಳೆ. ನಮ್ಮೂರಿನಲ್ಲಿ ಡಿ ವಿಟಮಿನ್ ಕಡಿಮೆ ಇದ್ದರೆ ಅದೇನೂ ಪವಾಡವಲ್ಲ, ಒಮ್ಮೆ ನೇಕಾರರ ಓಣಿಯಲ್ಲಿ ಹೊಕ್ಕು ನೋಡಿದರೆ ಸಾಕು.

ಎರಡು ವರ್ಷದ ಹಿಂದೆ ಅಕ್ಕನಿಗೆ ಕುಣಿಯಿಂದ ಎದ್ದು ಬರುವುದೇ ಕಷ್ಟವಾಯಿತು. ಎರಡೂ ಕೈ ನೆಲಕ್ಕೆ ಊರಿ, ತೊಡೆ ಹಿಡಿದುಕೊಂಡು ಏಳಬೇಕಾಗುತ್ತಿತ್ತು. ವಯಸ್ಸಾಯಿತು ಅಂದುಕೊಂಡೆವು. ಬಾಗಲಕೋಟೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, 1,200 ರೂಪಾಯಿ ಆಯಿತು. ಡಿ ಮಟ್ಟ 9 ಬಂತು. 20ರ ಮೇಲಿರಬೇಕಾದದ್ದು 9. ಅರವತ್ತು ಸಾವಿರದ ಪುಡಿ, ವಾರಕ್ಕೊಂದು, ಹಾಲಿನಲ್ಲಿ ಕಲಸಿ, 8 ವಾರ ಎಂದು ಬರೆದುಕೊಟ್ಟರು. ಅಕ್ಕ ಸೋಮವಾರ ಒಪ್ಪತ್ತು ಮಾಡುವವಳು, ಹಾಗಾಗಿ ಸೋಮವಾರವನ್ನೇ ಹಿಡಿದಳು. ಎಂಟು ಸೋಮವಾರ ಮುಗಿಯುವ ಹೊತ್ತಿಗೆ ಕೈ ಊರದೆ ಎದ್ದು ನಿಲ್ಲುತ್ತಿದ್ದಳು. ಡಿ ಕೊರತೆ ಎಂಬುದೆಲ್ಲ ಔಷಧ ಕಂಪನಿಯವರು ಹುಟ್ಟಿಸಿದ ಸುಳ್ಳು ಅನ್ನುವವರಿಗೆ ನಾನು ಅಕ್ಕನ ಆ ಎಂಟು ವಾರವನ್ನೇ ತೋರಿಸುತ್ತೇನೆ. ಕೊರತೆ ಇದ್ದವರಿಗೆ ಅದು ಔಷಧವೇ, ಅನುಮಾನವಿಲ್ಲ.

ಮುಂದಿನ ವರ್ಷ ದೀಪಾವಳಿ ಕಳೆದು ಥಂಡಿ ಸುರುವಾದಾಗ ಮತ್ತೆ ಮೊಣಕಾಲು ಹಿಡಿಯಿತು. ‘ಹೋದ ಸಲದ್ದ ಔಷಧ ಕೊಡು ತಮ್ಮಾ’ ಎಂದು ಫೋನ್ ಮಾಡಿದಳು. ಅಂಗಡಿಯಲ್ಲಿ ಪುಡಿ ತೀರಿತ್ತು. ಅದೇ ಅರವತ್ತು ಸಾವಿರದ ಕ್ಯಾಪ್ಸೂಲ್ ಇತ್ತು, ನಾಲ್ಕರ ಸ್ಟ್ರಿಪ್. ಅಳಿಯ, ಅಂದರೆ ಅಕ್ಕನ ಮಗ ಬಂದ, ಅಂಗಡಿ ಹುಡುಗ ಕೊಟ್ಟ, ನಾನು ವಹಿಯಲ್ಲಿ ಬರೆದುಕೊಂಡೆ. ವಾರಕ್ಕೆ ಒಂದು ಎಂದು ಯಾರೂ ಹೇಳಲಿಲ್ಲ. ಅಕ್ಕನಿಗೆ ಗೊತ್ತಿರುವುದೇ ಅಲ್ಲವೇ, ಹೋದ ಸಲ ತಗೊಂಡಿದ್ದಾಳಲ್ಲ ಎಂದು ನಾನು, ಮಾಮಾ ಕೊಟ್ಟಿದ್ದಲ್ಲವೇ ಎಂದು ಅಳಿಯ. ಆದರೆ ಅಕ್ಕನ ಲೆಕ್ಕವೇ ಬೇರೆ. ವಾರಕ್ಕೊಮ್ಮೆ ಕುಡಿದದ್ದು ಹಾಲಿನ ಪುಡಿ. ಇದು ಗುಳಿಗಿ. ಗುಳಿಗಿ ಅಂದರೆ ದಿನಾ ನುಂಗುವುದು.

ಸಂಕ್ರಮಣದ ದಿನ ನಮ್ಮ ಮನೆಗೆ ಕರೆದಿದ್ದೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ ಅಂದರೆ ಜೀವ ಬಿಡುವ ಅಕ್ಕ ಅರ್ಧ ರೊಟ್ಟಿಗೆ ಕೈ ತೊಳೆದಳು. ಆಗ ಹೇಳಿದಳು: ‘ಬಾಯಿ ಒಣಗತೈತಿ ತಮ್ಮಾ, ಎಷ್ಟ್ ನೀರ್ ಕುಡದ್ರೂ ದಾಹ ಹೋಗವಲ್ದು. ರಾತ್ರಿ ನಾಕೈದು ಸಲ ಏಳತೇನಿ. ಹೊಟ್ಟಿ ಅಂತೂ ನಾಕ್ ದಿನಾ ಆತು, ಹೊಂಟಿಲ್ಲ.’ ನನ್ನ ತಲೆಗೆ ಹೋದದ್ದು ಸಕ್ಕರೆ ಕಾಯಿಲೆ. ಅಂಗಡಿಗೆ ಹೋಗಿ ಮೀಟರ್ ತಂದು ಬೆರಳು ಚುಚ್ಚಿ ನೋಡಿದೆ, ಸಕ್ಕರೆ ಸರಿಯಾಗಿತ್ತು. ಹೊಟ್ಟೆಗೊಂದು ಪುಡಿ ಕೊಟ್ಟು ಕಳಿಸಿದೆ. ನಾಲ್ಕನೆಯ ದಿನ ವಾಂತಿ ಹತ್ತಿತು. ಐದನೆಯ ದಿನ ಮಗನನ್ನೇ ‘ನೀ ಯಾರೋ’ ಎಂದು ಕೇಳಿದಳು.

ಬಾಗಲಕೋಟೆಯಲ್ಲಿ ಡಾಕ್ಟರು ರಕ್ತ ತೆಗೆಸಿದರು. ಕ್ಯಾಲ್ಸಿಯಂ 14.1 ಬಂತು. ಸಾಮಾನ್ಯವಾಗಿ 8.5ರಿಂದ 10.5ರೊಳಗೆ ಇರಬೇಕಾದದ್ದು ಅದು. ಡಿ ವಿಟಮಿನ್ ಎಷ್ಟು ಎಂದು ಲ್ಯಾಬಿನವರಿಗೂ ಅಳೆಯಲಾಗದೆ ‘150ಕ್ಕಿಂತ ಹೆಚ್ಚು’ ಎಂದಷ್ಟೇ ಬರೆದಿದ್ದರು. ಮೂತ್ರಪಿಂಡದ ಸಂಖ್ಯೆಯೂ ಏರಿತ್ತು. ಡಾಕ್ಟರು ಅಳಿಯನನ್ನು ಒಂದೇ ಪ್ರಶ್ನೆ ಕೇಳಿದರು: ‘ಡಿ ಗುಳಿಗಿ ಎಷ್ಟ್ ನುಂಗ್ಯಾರ?’ ‘ದಿನಾ ಒಂದ್ ರೀ’ ಅಂದ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ನಾನು ಯಾರು ಎಂದು ಅವರಿಗೆ ಗೊತ್ತಿತ್ತು.

ಆ ರಾತ್ರಿ ಅಂಗಡಿಗೆ ಬಂದು ವಹಿ ತೆಗೆದೆ. ಒಂಬತ್ತು ವಾರದಲ್ಲಿ ಅಕ್ಕನ ಹೆಸರಿನಲ್ಲಿ 15 ಸ್ಟ್ರಿಪ್. ನಾಲ್ಕರಂತೆ 60 ಕ್ಯಾಪ್ಸೂಲ್. ಅರವತ್ತನ್ನು ಅರವತ್ತು ಸಾವಿರದಿಂದ ಗುಣಿಸಿದರೆ 36 ಲಕ್ಷ ಯೂನಿಟ್. ದೊಡ್ಡವರೊಬ್ಬರಿಗೆ ದಿನಕ್ಕೆ ಬೇಕಾಗುವುದು ಸುಮಾರು 600 ಯೂನಿಟ್ ಎಂದು ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಆ ಲೆಕ್ಕದಲ್ಲಿ ಅಕ್ಕ ಒಂಬತ್ತು ವಾರದಲ್ಲಿ 16 ವರ್ಷಕ್ಕೂ ಮೀರಿದ ಡಿ ನುಂಗಿದ್ದಳು. ಎಲ್ಲ ನನ್ನ ಅಕ್ಷರದಲ್ಲೇ ಇದೆ. ಒಂದೊಂದು ಸಾಲು ಬರೆಯುವಾಗಲೂ ಇದು ವಾರಕ್ಕೊಂದರ ಮಾಲು, ಇಷ್ಟು ಬೇಗ ಯಾಕೆ ಮುಗಿಯುತ್ತಿದೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ರೊಕ್ಕ ಬರಬೇಕಾದ ವಹಿಯನ್ನು ರೊಕ್ಕದ ಕಣ್ಣಿನಿಂದಲೇ ಓದುತ್ತಿದ್ದೆ.

ಇನ್ನೂ ಎರಡು ಸಂಗತಿ ಬೆಂಕಿಗೆ ಎಣ್ಣೆ ಹೊಯ್ದಿದ್ದವು. ಒಂದು, ಅಕ್ಕ ದಿನಾ ನುಂಗುತ್ತಿದ್ದ ಕ್ಯಾಲ್ಸಿಯಂ ಗುಳಿಗೆ. ಅದರಲ್ಲೂ ಡಿ ಇರುತ್ತದೆ, ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ 250 ಎಂದೋ 500 ಎಂದೋ ಬರೆದಿರುತ್ತಾರೆ. ಇನ್ನೊಂದು, ಬಿ.ಪಿ. ಗುಳಿಗೆ. ಹೆಸರಿನ ಕೊನೆಗೆ ‘ಎಚ್’ ಇರುವ ಬಿ.ಪಿ. ಗುಳಿಗೆಗಳಲ್ಲಿ ಹೆಚ್ಚಾಗಿ ಹೈಡ್ರೋಕ್ಲೋರೋಥಯಾಝೈಡ್ ಇರುತ್ತದೆ. ಅದು ಮೂತ್ರದಲ್ಲಿ ಹೊರಗೆ ಹೋಗಬೇಕಾದ ಕ್ಯಾಲ್ಸಿಯಮ್ಮನ್ನು ದೇಹದೊಳಗೇ ಹಿಡಿದಿಡುತ್ತದೆ. ಹೆಚ್ಚಿನ ಡಿ ಕರುಳಿನಿಂದ ಕ್ಯಾಲ್ಸಿಯಂ ಎಳೆದು ತರುತ್ತಿದ್ದರೆ ಇದು ಹಿಂದಿನ ಬಾಗಿಲು ಹಾಕುತ್ತದೆ. ನಾನು ಡಿ.ಫಾರ್ಮ್ ಓದುವಾಗಲೇ ಇದನ್ನು ಕಲಿತಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಅಕ್ಕ ಆಸ್ಪತ್ರೆಯಲ್ಲಿ ಆರು ದಿನ ಇದ್ದಳು. ಬಾಟಲಿ ಮೇಲೆ ಬಾಟಲಿ ಸಲೈನ್, ಆಮೇಲೆ ಕೆಲವು ವಾರ ಸ್ಟೀರಾಯ್ಡ್ ಗುಳಿಗೆ. ಡಿ, ಕ್ಯಾಲ್ಸಿಯಂ ಎರಡೂ ಬಂದ್, ಬಿ.ಪಿ. ಗುಳಿಗೆ ಬದಲಿ. ಸಿ ವಿಟಮಿನ್ನಿನಂತೆ ಡಿ ಹೆಚ್ಚಾದರೆ ಮೂತ್ರದಲ್ಲಿ ಹೋಗುವಂಥದ್ದಲ್ಲ. ಕೊಬ್ಬಿನಲ್ಲಿ ಕರಗಿ ಮೈಯೊಳಗೆ ಮನೆ ಮಾಡುತ್ತದೆ, ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಸೋರುತ್ತಿರುತ್ತದೆ. ಅಕ್ಕನ ಡಿ ಮಟ್ಟ ನೂರರ ಕೆಳಗೆ ಇಳಿಯಲು ಮಳೆಗಾಲ ಬರಬೇಕಾಯಿತು. ಈಗ ಆರಾಮಿದ್ದಾಳೆ. ಎಚ್ಚರಾದ ದಿನ ನನ್ನನ್ನು ಕೇಳಿದ್ದು ಇಷ್ಟು: ‘ಬಿ.ಪಿ.ದು ದಿನಾ, ಕ್ಯಾಲ್ಸಿಯಮ್ದು ದಿನಾ, ಇದೊಂದ್ ವಾರಕ್ಕ ಅಂತ ನಂಗ್ಯಾರ ಹೇಳ್ಯಾರ? ನೀ ಹೇಳಿದ್ಯೇನು?’

ಈಗ ನಿಮ್ಮ ‘ಸೂಕ್ತ ಪ್ರಮಾಣ’ಕ್ಕೆ ಬರುತ್ತೇನೆ.

ಮೊದಲು ಆ ಯೂನಿಟ್ಟಿನ ಗೊಂದಲ. ಜನ ಅದನ್ನು ‘ಪವರ್’ ಅನ್ನುತ್ತಾರೆ, 500 ಪವರಿನ ಜ್ವರದ ಗುಳಿಗೆ ಎಂದಂತೆ. ಅರವತ್ತು ಸಾವಿರ ಪವರ್ ಅಂದರೆ ಸುಟ್ಟು ಹೋದೇವು ಎಂದು ಹೆದರಿ ಚೀಟಿ ಇದ್ದೂ ಬಿಟ್ಟು ಹೋದವರಿದ್ದಾರೆ, ಪವರ್ ಜಾಸ್ತಿ ಇದ್ದಷ್ಟು ಲಗೂ ಗುಣ ಎಂದು ಎರಡು ಕೇಳಿದವರೂ ಇದ್ದಾರೆ. 40 ಯೂನಿಟ್ ಅಂದರೆ ಒಂದು ಮೈಕ್ರೋಗ್ರಾಂ. ಅರವತ್ತು ಸಾವಿರ ಯೂನಿಟ್ ಅಂದರೆ ಒಂದೂವರೆ ಮಿಲಿಗ್ರಾಂ, ಒಂದು ಸಾಸಿವೆ ಕಾಳಿನ ತೂಕದ ಆಸುಪಾಸು. ದಿನದ 600 ಯೂನಿಟ್ ಅಂದರೆ ಆ ಸಾಸಿವೆಯ ನೂರನೆಯ ಒಂದು ಪಾಲು. ಕೆಲವು ಡಬ್ಬಿಗಳ ಮೇಲೆ ಯೂನಿಟ್ ಬರೆಯದೆ ಮೈಕ್ರೋಗ್ರಾಂ ಮಾತ್ರ ಬರೆದಿರುತ್ತಾರೆ. 25 ಎಂದು ಕಂಡು ‘ಇದು ಭಾಳ ಕಡಿಮಿ ಆತು’ ಎಂದು ವಾಪಸ್ ತಂದ ಗಿರಾಕಿಗೆ ಅದು ಸಾವಿರ ಯೂನಿಟ್ ಎಂದು ತಿಳಿಸುವುದರಲ್ಲಿ ನನ್ನ ಅರ್ಧ ತಾಸು ಹೋಗಿದೆ.

ದಿನಾ ಬಿಸಿಲಿಗೆ ಬೀಳುವ, ತೊಂದರೆ ಇಲ್ಲದ ಗಟ್ಟಿಮುಟ್ಟಾದ ಮನುಷ್ಯನಿಗೆ ಗುಳಿಗೆಯೇ ಬೇಡ. ಹೊಲದಲ್ಲಿ ಜೋಳ ಕೀಳುವವರು, ಗಾರೆ ಕೆಲಸದವರು ಬಂದು ಕೇಳಿದರೆ ನಾನು ಕೊಡುವುದಿಲ್ಲ. ಮಗ್ಗದವರು, ಹೊರಗೆ ಹೋದರೂ ಮೈತುಂಬ ಮುಚ್ಚಿಕೊಂಡು ಹೋಗುವವರು, ಹಾಸಿಗೆ ಹಿಡಿದ ಹಿರಿಯರು, ಇವರಿಗೆ ದಿನಕ್ಕೆ 600ರಿಂದ 1000 ಯೂನಿಟ್ ಸಾಕು. ಎಪ್ಪತ್ತು ದಾಟಿದವರಿಗೆ ಅಮೆರಿಕದವರು ಹೇಳುವುದೂ 800 ಮಾತ್ರ. ಡಾಕ್ಟರ ನಿಗಾ ಇಲ್ಲದೆ ದಿನಾ 4000 ದಾಟಬಾರದು ಎಂಬುದು ದೊಡ್ಡವರಿಗೆ ಹಾಕಿದ ಗೆರೆ. ಊಟದ ಜೊತೆ ತಗೊಳ್ಳಬೇಕು, ಕೊಬ್ಬಿನ ಅಂಶ ಇದ್ದರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಖಾಲಿ ಹೊಟ್ಟೆಯಲ್ಲಿ ನೀರು ಕುಡಿದು ನುಂಗಿದರೆ ಒಂದಿಷ್ಟು ದಂಡ.

ಅರವತ್ತು ಸಾವಿರದ್ದು ಬೇರೆಯೇ ಮಾತು. ಅದು ಬತ್ತಿದ ಬಾವಿ ತುಂಬಿಸುವ ಟ್ಯಾಂಕರ್. ಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ವಾರಕ್ಕೊಂದರಂತೆ 8 ವಾರ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಆಮೇಲೆ ತಿಂಗಳಿಗೊಂದೋ ದಿನದ ಸಣ್ಣ ಗುಳಿಗೆಯೋ ಎಂಬುದನ್ನು ಡಾಕ್ಟರು ಹೇಳಬೇಕು. ತಿಂಗಳಿಗೊಂದು ಅಂದರೂ ದಿನಕ್ಕೆ 2000 ಬಿದ್ದಂತೆಯೇ. ನಮ್ಮಲ್ಲಿ ಎಲ್ಲರಿಗೂ ನೆನಪಿರುವುದು ಅರವತ್ತು ಸಾವಿರ ಎಂಬ ಸಂಖ್ಯೆ. ಎಂಟು ಎಂಬ ಸಂಖ್ಯೆ ಯಾರಿಗೂ ನೆನಪಿರುವುದಿಲ್ಲ. ಐದು ವರ್ಷದ ಹಿಂದಿನ, ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾದ ಚೀಟಿಯನ್ನು ಟೇಪು ಹಚ್ಚಿ ತಂದು ‘ಇದ ರೀ, ಇದ ಕೊಡ್ರಿ’ ಎಂದು ಇವತ್ತಿಗೂ ಕೇಳುವವರಿದ್ದಾರೆ. ಎಷ್ಟು ತಗೋಬೇಕು ಎಂದು ನೂರು ಮಂದಿ ಕೇಳಿದ್ದಾರೆ, ಯಾವಾಗ ಬಿಡಬೇಕು ಎಂದು ಕೇಳಿದ ಒಬ್ಬರನ್ನೂ ನಾನು ಕಂಡಿಲ್ಲ.

ಸೂಜಿಯ ಕಥೆ ಇದಕ್ಕಿಂತ ದೊಡ್ಡದು. ಗುಳಿಗೆ ಬರೆದುಕೊಟ್ಟು ಕಳಿಸಿದರೆ ಅವರು ಡಾಕ್ಟರೇ ಅಲ್ಲ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಹೀಗಾಗಿ 6 ಲಕ್ಷ ಯೂನಿಟ್ಟಿನ ಒಂದೇ ಸೂಜಿ ಮಾಡಿಸಿಕೊಂಡು ವರ್ಷದ ಚಿಂತೆ ಮುಗಿಯಿತು ಅನ್ನುವವರುಂಟು. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಣ್ಣುಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಬಾಯಿಂದ ಕೊಟ್ಟು ನೋಡಿದರು. ಎಲುಬು ಮುರಿಯುವುದು ಕಡಿಮೆಯಾಗಲಿ ಎಂದು ಕೊಟ್ಟದ್ದು. 2010ರಲ್ಲಿ ಫಲಿತಾಂಶ ಬಂದಾಗ ಡಿ ತಗೊಂಡವರೇ ಹೆಚ್ಚು ಬಿದ್ದಿದ್ದರು, ಹೆಚ್ಚು ಎಲುಬು ಮುರಿದುಕೊಂಡಿದ್ದರು. ವರ್ಷದ ಊಟವನ್ನು ಒಂದೇ ದಿನ ಉಂಡರೆ ಆಗುತ್ತದೆಯೇ?

ಇದನ್ನು ನನಗೆ ಓದಿ ಹೇಳಿದವಳು ಮಗಳು. ಬಿ.ಫಾರ್ಮ್ ಓದುತ್ತಿದ್ದಾಳೆ. ಅತ್ತಿಯ ಸಂಗತಿ ಆದ ಮೇಲೆ ನನ್ನ ಮೇಲೆ ಅವಳಿಗೆ ಭರವಸೆ ಕಡಿಮೆ. ‘ಅಪ್ಪಾ, ನೀವು ಓದಿದ ಪುಸ್ತಕ ನನಗಿಂತ ಹಿರೇದು’ ಅನ್ನುತ್ತಾಳೆ. ಎಷ್ಟಿದ್ದರೆ ಸಾಕು ಎಂಬ ಬಗ್ಗೆ ದೊಡ್ಡ ಡಾಕ್ಟರುಗಳಲ್ಲೇ ಒಮ್ಮತ ಇರಲಿಲ್ಲ ಎಂದು ತಿಳಿಸಿದವಳೂ ಅವಳೇ. ಅಮೆರಿಕದ ಒಂದು ತಜ್ಞರ ಮಂಡಳಿ ರಕ್ತದಲ್ಲಿ 20 ಇದ್ದರೆ ಎಲುಬಿಗೆ ಸಾಕು ಅಂದಿತು. 2011ರಲ್ಲಿ ಅಲ್ಲಿನದೇ ಹಾರ್ಮೋನು ತಜ್ಞರ ಸಂಘ 30 ಬೇಕು ಅಂದಿತು. ಈ ಹತ್ತರ ಅಂತರ ಸಣ್ಣದಲ್ಲ, ನಿನ್ನೆ ಆರಾಮಿದ್ದವರು ಲಕ್ಷಗಟ್ಟಲೆ ಮಂದಿ ಇವತ್ತು ಕಾಗದದ ಮೇಲೆ ರೋಗಿಗಳಾಗುವಷ್ಟು ದೊಡ್ಡದು. ಲ್ಯಾಬಿನ ರಿಪೋರ್ಟಿನಲ್ಲಿ 24 ಬಂದು ಪಕ್ಕದಲ್ಲಿ ಕಪ್ಪಗೆ ‘ಕಡಿಮೆ’ ಎಂದು ಅಚ್ಚಾಗಿರುವುದನ್ನು ನೋಡಿ ಹೌಹಾರಿ ಬರುವವರು ನನ್ನ ಅಂಗಡಿಗೆ ವಾರಕ್ಕೆ ಇಬ್ಬರಾದರೂ ಇದ್ದಾರೆ. 2024ರಲ್ಲಿ ಅದೇ ಹಾರ್ಮೋನು ಸಂಘ 30ರ ಪಟ್ಟು ಸಡಿಲಿಸಿತು. ತೊಂದರೆ ಇಲ್ಲದವರು ಸುಮ್ಮನೆ ಪರೀಕ್ಷೆ ಮಾಡಿಸುವುದೇ ಬೇಡ, 75 ದಾಟದ ಆರೋಗ್ಯವಂತ ದೊಡ್ಡವರಿಗೆ ದಿನದ ಅಗತ್ಯಕ್ಕಿಂತ ಹೆಚ್ಚಿನದು ಬೇಡ ಎಂದು ಹೇಳಿತು. ಐವತ್ತು ದಾಟಿದವರಿಗೆ ಕೊಡುವುದೇ ಆದರೆ ಅಪರೂಪಕ್ಕೊಮ್ಮೆ ದೊಡ್ಡದರ ಬದಲು ದಿನಾ ಸಣ್ಣದು ಒಳ್ಳೆಯದು ಎಂದೂ ಹೇಳಿದೆ. ಅಮೆರಿಕದಲ್ಲೇ 25,871 ಮಂದಿಯ ಮೇಲೆ ಐದು ವರ್ಷ ನಡೆದ ಪರೀಕ್ಷೆಯಲ್ಲಿ ದಿನಾ 2000 ತಗೊಂಡವರ ಎಲುಬು ತಗೊಳ್ಳದವರ ಎಲುಬಿಗಿಂತ ಕಡಿಮೆಯೇನೂ ಮುರಿಯಲಿಲ್ಲ. ಕೊರತೆ ಇದ್ದವರನ್ನೇ ಆರಿಸಿ ಮಾಡಿದ ಪರೀಕ್ಷೆ ಅದಲ್ಲ, ಆದ್ದರಿಂದ ನಮ್ಮ ಅಕ್ಕನಂಥವರಿಗೆ ಅದು ಹೊಂದುವುದಿಲ್ಲ. ತುಂಬಿದ ಕೊಡ ಹೊತ್ತವರಿಗೆ ಹೊಂದುತ್ತದೆ.

ಬಿಸಿಲಿನ ಬಗ್ಗೆ ನಿಮ್ಮ ಲೇಖನದಲ್ಲಿದ್ದ ಒಂದು ಮಾತನ್ನು ತಿದ್ದಬೇಕು. ಮುಂಜಾನೆಯ ಎಳೆಬಿಸಿಲಿಗೆ ಕೂತರೆ ಡಿ ಸಿಗುತ್ತದೆ ಎಂದು ಬರೆದಿದ್ದೀರಿ. ಎಳೆಬಿಸಿಲು ಹಿತ, ಮೈಗೆ ಬೆಚ್ಚಗೆ, ಅಷ್ಟೆ. ಚರ್ಮದಲ್ಲಿ ಡಿ ತಯಾರಾಗಲು ಬೇಕಾದ ಕಿರಣ ಸೂರ್ಯ ಮೇಲೇರಿದಾಗಲೇ ನೆಲಕ್ಕೆ ಚೆನ್ನಾಗಿ ಮುಟ್ಟುತ್ತದೆ. ಇದಕ್ಕೆ ಗಡಿಯಾರ ಬೇಡ, ನೆರಳು ನೋಡಿದರೆ ಸಾಕು. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದಾಗಿನದೇ ಡಿ ಬಿಸಿಲು. ನಮ್ಮೂರು ಭೂಮಧ್ಯರೇಖೆಯಿಂದ 16 ಡಿಗ್ರಿ ಉತ್ತರಕ್ಕಿದೆ. ಡಿಸೆಂಬರ್ ಕೊನೆಯಲ್ಲೂ ನಡುಹಗಲಿನ ಸೂರ್ಯ 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಂದರೆ ವರ್ಷದ ಎಲ್ಲ ದಿನವೂ ನಡುಹಗಲಿಗೆ ನಮ್ಮ ನೆರಳು ನಮಗಿಂತ ಗಿಡ್ಡವೇ. ಇಂಗ್ಲೆಂಡಿನಲ್ಲಿ ಚಳಿಗಾಲವಿಡೀ ಆ ಭಾಗ್ಯ ಇಲ್ಲ, ಅದಕ್ಕೇ ಅಲ್ಲಿನ ಸರಕಾರ ಅಕ್ಟೋಬರಿನಿಂದ ಮಾರ್ಚಿನವರೆಗೆ ಎಲ್ಲರೂ ದಿನಕ್ಕೆ 400 ಯೂನಿಟ್ ತಗೊಳ್ಳುವುದನ್ನು ಯೋಚಿಸಿ ಅನ್ನುತ್ತದೆ. ಬರೀ 400. ಇಲ್ಲಿ ಫೋನಿನ ವಿಡಿಯೋ ನೋಡಿ ದಿನಾ 10,000 ನುಂಗುವ ಹುಡುಗರು ನಮ್ಮೂರಲ್ಲಿದ್ದಾರೆ, ಜಿಮ್ಮಿನವರು.

ಬಿಸಿಲಿನಿಂದ ಡಿ ಎಂದೂ ವಿಷವಾಗುವುದಿಲ್ಲ. ಸಾಕಷ್ಟು ಆದ ಮೇಲೆ ಚರ್ಮ ತಾನೇ ಹೆಚ್ಚಿನದನ್ನು ಬೇರೆ ಪದಾರ್ಥವಾಗಿ ಒಡೆದು ಹಾಕುತ್ತದೆ. ಗುಳಿಗೆಗೆ ಆ ಬುದ್ಧಿ ಇಲ್ಲ. ಹಾಗೆಂದು ನಡುಹಗಲಿಗೆ ಕಾದ ಬಂಡೆಯ ಮೇಲೆ ಹೋಗಿ ನಿಲ್ಲಿ ಎಂದು ನಾನು ಹೇಳುತ್ತಿಲ್ಲ, ಬೇಸಿಗೆಯಲ್ಲಿ ಹತ್ತು ಹತ್ತೂವರೆಯ ಬಿಸಿಲೇ ಸಾಕಾಗುತ್ತದೆ. ಎಷ್ಟು ನಿಮಿಷ ಎಂದರೆ ಎಲ್ಲರಿಗೂ ಒಂದೇ ಲೆಕ್ಕ ಕೊಡಲಾಗದು. ಕಪ್ಪು ಮೈಯವರಿಗೆ ಹೆಚ್ಚು ಹೊತ್ತು ಬೇಕು, ವಯಸ್ಸಾದ ಚರ್ಮಕ್ಕೆ ಇನ್ನೂ ಹೆಚ್ಚು. ಗಾಜಿನ ಕಿಟಕಿಯ ಒಳಗೆ ಕೂತರೆ ಮಾತ್ರ ಎಷ್ಟು ಹೊತ್ತಾದರೂ ಸೊನ್ನೆ. ಊಟದಿಂದ ಬರುವುದು ಸ್ವಲ್ಪವೇ. ಒಂದು ತತ್ತಿಯಲ್ಲಿ ಸುಮಾರು 40 ಯೂನಿಟ್, ಅದೂ ನಮ್ಮ ಓಣಿಯ ಎಷ್ಟೋ ಮನೆಯೊಳಗೆ ಬರುವುದಿಲ್ಲ. ರೊಟ್ಟಿ, ಪಲ್ಯ, ಬ್ಯಾಳಿಯಲ್ಲಿ ಇಲ್ಲವೆಂದರೂ ನಡೆದೀತು. ‘+ಎಫ್’ ಗುರುತಿನ ಹಾಲು, ಅಡುಗೆ ಎಣ್ಣೆಯಲ್ಲಿ ಡಿ ಸೇರಿಸಿರುತ್ತಾರೆ, ಪಾಕೀಟು ತಿರುವಿ ನೋಡಿ.

ಕೂಸುಗಳ ವಿಷಯ ಬಿಡಬಾರದು. ಹುಟ್ಟಿದ ಕೂಸಿಗೆ ದಿನಕ್ಕೆ 400 ಯೂನಿಟ್ಟಿನ ಹನಿ ಬರೆಯುತ್ತಾರೆ, ಅದು ಬೇಕಾದದ್ದೇ, ತಾಯಿಹಾಲಿನಲ್ಲಿ ಡಿ ಕಡಿಮೆ. ಆದರೆ ಒಂದು ಬಾಟಲಿಯಲ್ಲಿ ಒಂದು ಮಿಲಿಗೆ 400 ಇದ್ದರೆ ಇನ್ನೊಂದರಲ್ಲಿ ಒಂದು ಮಿಲಿಗೆ 800. ದೊಡ್ಡವರಿಗೆಂದು ಅರವತ್ತು ಸಾವಿರವನ್ನು 5 ಮಿಲಿಯ ಪುಟ್ಟ ಬಾಟಲಿಯಲ್ಲಿ ತುಂಬಿ ಮಾರುವುದೂ ಇದೆ. ನೋಡಲಿಕ್ಕೆ ಕೂಸಿನ ಔಷಧದ ಬಾಟಲಿಯ ಹಾಗೆಯೇ. ಇವೆರಡನ್ನೂ ನಾನು ಈಗ ಒಂದೇ ಕಪಾಟಿನಲ್ಲಿ ಇಡುವುದಿಲ್ಲ. ಮೂತ್ರದಲ್ಲಿ ಕಲ್ಲು ಆದವರು, ಕಿಡ್ನಿ ತೊಂದರೆಯವರು, ಟಿ.ಬಿ. ಔಷಧ ನಡೆದವರು, ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳುವವರು ಕೇಳಿದರೆ, ಚೀಟಿ ಇಲ್ಲದೆ ಸಾವಿರದ್ದನ್ನೂ ಕೊಡುವುದಿಲ್ಲ.

ಅಕ್ಕ ಮನೆಗೆ ಬಂದ ವಾರದಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಚೀಟಿ ಇದ್ದವರಿಗೆ ಅರವತ್ತು ಸಾವಿರದ ಸ್ಟ್ರಿಪ್ ಕೊಡುವಾಗ ಒಂದೊಂದು ಕ್ಯಾಪ್ಸೂಲಿನ ಬೆನ್ನ ಮೇಲೆ ಮಾರ್ಕರ್ ಪೆನ್ನಿನಿಂದ ಒಂದೊಂದು ತಾರೀಖು ಬರೆಯುತ್ತೇನೆ, ಕೊನೆಯದರ ಮೇಲೆ ‘ಬಂದ್’ ಎಂದು. ಓದು ಬರದವರಿಗೆ ‘ಸಂತಿ ದಿನ ಒಂದು, ಎಂಟು ಸಂತಿ ಆದ ಮ್ಯಾಲೆ ಬಂದ್’ ಅನ್ನುತ್ತೇನೆ. ಸಂತೆ ವಾರಕ್ಕೆ ಎರಡು ಸಲ ಆಗುವುದಿಲ್ಲವಲ್ಲ. ಈಗ ಓಣಿಯ ಹೆಣ್ಣುಮಕ್ಕಳು ಅದಕ್ಕೆ ‘ಸಂತಿ ಗುಳಿಗಿ’ ಎಂದೇ ಹೆಸರಿಟ್ಟಿದ್ದಾರೆ. ಇದಕ್ಕೆ ಖರ್ಚು ಒಂದು ಮಾರ್ಕರ್ ಪೆನ್ನು, ಗಿರಾಕಿಗೆ ಅರ್ಧ ನಿಮಿಷ. ವಾರದ ಗುಳಿಗೆ ತಯಾರಿಸುವವರು ಸ್ಟ್ರಿಪ್ಪಿನ ಮೇಲೆ ಕನ್ನಡದಲ್ಲಿ ದಪ್ಪಗೆ ‘ವಾರಕ್ಕೆ ಒಂದು’ ಎಂದು ಅಚ್ಚು ಹಾಕಿದರೆ ನನ್ನಂಥವರ ಮರೆವಿಗೆ ಯಾರೂ ಬಲಿಯಾಗಬೇಕಿಲ್ಲ. ಅಲ್ಲಿಯವರೆಗೆ ನನ್ನ ಜೊತೆಗಾರ ಔಷಧ ವ್ಯಾಪಾರಿಗಳು ಒಂದು ಪೆನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಳ್ಳಲಿ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಇನ್ನೊಮ್ಮೆ ಇಂಥ ಲೇಖನ ಹಾಕುವಾಗ ದಿನದ್ದೋ ವಾರದ್ದೋ, ಎಷ್ಟು ಯೂನಿಟ್, ಎಷ್ಟು ವಾರ, ಯಾರು ತಗೊಳ್ಳಬಾರದು, ಇದನ್ನು ಕಣ್ಣಿಗೆ ಕಾಣುವಂತೆ ಹಾಕಿ. ‘ವೈದ್ಯರ ಸಲಹೆ ಪಡೆಯಿರಿ’ ಎಂಬ ಸಾಲಿನವರೆಗೆ ಓದುವಷ್ಟರಲ್ಲಿ ನಮ್ಮ ಮಂದಿ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟಿರುತ್ತಾರೆ.

ಆ ಸೋಮವಾರ ಬಂದ ಏಳು ಮಂದಿಯಲ್ಲಿ ಇಬ್ಬರನ್ನು ಪರೀಕ್ಷೆ ಮಾಡಿಸಿ ಎಂದು ಡಾಕ್ಟರ ಹತ್ತಿರ ಕಳಿಸಿದೆ. ಅವರಲ್ಲೊಬ್ಬರು ನೆಲದಿಂದ ಏಳುವಾಗ ಅಕ್ಕನ ಹಾಗೆಯೇ ತೊಡೆ ಹಿಡಿದುಕೊಂಡರು. ಮೂವರಿಗೆ ದಿನದ ಸಣ್ಣ ಗುಳಿಗೆ ಕೊಟ್ಟೆ. ಒಬ್ಬರು ಹೊಲದವರು, ಏನೂ ಬೇಡ ಅಂದೆ, ನಕ್ಕು ಹೋದರು. ಏಳನೆಯವರು ಮಾತ್ರ ನಿಮ್ಮ ಪುರವಣಿಯನ್ನು ಗಾಜಿನ ಮೇಲೆ ಹರವಿ, ‘ಪೇಪರಿನ್ಯಾಗ ಬಂದೈತ್ರಿ, ನೀವ್ಯಾಕ ಕೊಡೂದಿಲ್ಲ?’ ಎಂದು ಜಗಳ ತೆಗೆದು, ಮುಂದಿನ ಅಂಗಡಿಗೆ ಹೋಗಿ ಎರಡು ಸ್ಟ್ರಿಪ್ ತಗೊಂಡರಂತೆ. ನನ್ನ ಮಾತು ಅವರು ಕೇಳುವುದಿಲ್ಲ. ನಿಮ್ಮ ಪತ್ರಿಕೆಯನ್ನು ಮಾತ್ರ ತಪ್ಪದೆ ಓದುತ್ತಾರೆ, ಆದ್ದರಿಂದ ಈ ಪತ್ರವನ್ನು ದಯವಿಟ್ಟು ಎರಡನೆಯ ಸ್ಟ್ರಿಪ್ ಮುಗಿಯುವುದರೊಳಗೆ ಅಚ್ಚು ಹಾಕಿ.

ಇಂತಿ,
ಒಬ್ಬ ಔಷಧ ಅಂಗಡಿಕಾರ
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ

(ಹೆಸರು ಹಾಕಬೇಡಿ. ನನ್ನದು ಬಂದರೆ ಅಕ್ಕನದು ಯಾವುದು ಎಂದು ಊರಿಗೆಲ್ಲ ತಿಳಿಯುತ್ತದೆ, ಅವಳು ಒಪ್ಪಿಲ್ಲ.)